ಒಂದು ಗಂಟು ಬಾಕಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಇಲ್ಲಿ ಅಪ್ಪನೂ ನಾನೂ ಚೆನ್ನಾಗಿದ್ದೇವೆ. ವಾರವೆಲ್ಲ ನೆಂದು, ಒಣಗಿ, ಈಗ ಮತ್ತೆ ಬೆವರುತ್ತಾ ಕೂತಿದ್ದೇವೆ.

ನಾನು ಬರೆಯಹೊರಟಿರುವ ಕಥೆಯನ್ನು ಮೊದಲು ಹೇಳಿದವರು ನಮ್ಮ ಎದುರಂಗಡಿಯ ಟೈಲರಮ್ಮ. ನಿನ್ನೆ ಶನಿವಾರ ಸಂಜೆ, ಬೀದಿಯವರೆಲ್ಲ ನಮ್ಮ ಅಂಗಡಿ ಮುಂದೆ ಬಂದು ಕೂತಿದ್ದಾಗ ಹೇಳಿದರು. ಅವರ ಬಾಯಲ್ಲಿ ಒಂದೊಂದು ಮಳೆಹನಿಯೂ ಕುಂಬಳಕಾಯಿಯಷ್ಟಾಯಿತು, ನಾನು ಎರಡು ಸಲ ಮೂರ್ಛೆ ಹೋಗಿ ಎದ್ದೆ. ಆ ಕಥೆ ಊರೂರು ಸುತ್ತಿ, ಮೈ ತುಂಬಿಕೊಂಡು ನಿನ್ನ ಕಿವಿ ಮುಟ್ಟುವ ಮೊದಲು ನಡೆದದ್ದನ್ನು ನಡೆದ ಹಾಗೆ ನಾನೇ ತಿಳಿಸುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವವಳಲ್ಲ. ಕಾಗದಕ್ಕೆ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ ನೋಡು.

ನಮ್ಮಿಬ್ಬರ ಮಾತು ನನಗೆ ಮರೆತಿಲ್ಲ. ಲಕ್ವ ಹೊಡೆದು ಅಪ್ಪನ ಬಲಗೈ ಬಿದ್ದುಹೋದ ಮೇಲೆ ನೀನು ಬಂದು ಹೇಳಿದ್ದು ಇಷ್ಟೇ: ಮೊದಲ ಮಳೆಯವರೆಗೆ ಅಂಗಡಿ ನಡೆಸಿ ನೋಡು. ಜನ ನಿನ್ನ ಕೈಯ ಕೊಡೆ ಹಿಡಿದರೆ ಸರಿ. ಇಲ್ಲವಾದರೆ ಬಾಗಿಲು ಹಾಕು, ಅಪ್ಪನನ್ನು ನಾನು ಕರೆದುಕೊಂಡು ಹೋಗುತ್ತೇನೆ, ನೀನೂ ಬಾ, ನಿಮ್ಮ ಭಾವ ಒಂದು ಕೆಲಸ ನೋಡುತ್ತಾರೆ. ಆಯ್ತು ಅಂದಿದ್ದೆ. ಆ ಮೊದಲ ಮಳೆ ಹೀಗೆ ನಡುಬೇಸಿಗೆಯಲ್ಲಿ ಗುಡುಗು ಸಿಡಿಲು ಕಟ್ಟಿಕೊಂಡು ಬಂದು ಬಾಗಿಲು ತಟ್ಟುತ್ತದೆ ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಸೋಮವಾರ ಎಂಥ ಬಿಸಿಲು ಅಂತೀಯ. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಆ ದಿನ ನನ್ನಷ್ಟು ಜಂಬದವಳು ಈ ಬೀದಿಯಲ್ಲಿ ಇನ್ನೊಬ್ಬಳಿರಲಿಲ್ಲ. ಅಪ್ಪ ಮಲಗಿದಾಗಿನಿಂದ ಬಾಕಿ ಬಿದ್ದಿದ್ದ ಕೊಡೆಗಳನ್ನೆಲ್ಲ ಮುಗಿಸಿಬಿಟ್ಟಿದ್ದೆ. ಮುರಿದ ಕಡ್ಡಿ ಬದಲಿಸಿ, ಹರಿದ ಕಡೆ ಹೊಸ ಬಟ್ಟೆ ಹೊಲಿದು, ಕೀರಲು ಕೊಳವೆಗೆ ಎಣ್ಣೆ ಬಿಟ್ಟು, ಒಂದೇ ಸಾಲಿನಲ್ಲಿ ಹಗ್ಗಕ್ಕೆ ನೇತುಹಾಕಿದ್ದೆ. ಎಲ್ಲ ಕಪ್ಪಗೆ, ಎಲ್ಲ ಹೊಸದರ ಹಾಗೆ.

ಅಪ್ಪನ ಹಳೇ ಅಭ್ಯಾಸ ನಿನಗೆ ನೆನಪಿರಬೇಕು. ಯಾವ ಕೊಡೆಯನ್ನೂ ಅವರು ಪೂರ್ತಿ ಮಾಡುತ್ತಿರಲಿಲ್ಲ. ಯಾವುದೋ ಒಂದು ಕಡ್ಡಿಯ ತುದಿಯಲ್ಲಿ ಬಟ್ಟೆಯನ್ನು ಕಟ್ಟದೆ ಬಿಟ್ಟಿರುತ್ತಿದ್ದರು. ಕೊಡೆಯವರು ಬಂದ ಮೇಲೆ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಮನೆ ಮಠ ವಿಚಾರಿಸುತ್ತಾ ಆ ಕೊನೆಯ ಗಂಟು ಹಾಕಿ ಕೊಡುತ್ತಿದ್ದರು. ಮಾತಿನ ಚಟ, ಅದಕ್ಕೊಂದು ನೆಪ ಅಂತ ನಾವಿಬ್ಬರೂ ನಗುತ್ತಿದ್ದೆವು. ಈಗಿನ ಜನಕ್ಕೆ ಹೀಗೆ ಕಾಯಲು ಎಲ್ಲಿ ಪುರುಸೊತ್ತು, ಅಂಗಡಿ ಸೊರಗಿದ್ದೇ ಇದರಿಂದ ಎಂದು ನಾನು ತೀರ್ಮಾನ ಮಾಡಿದ್ದೆ. ಹಾಗಾಗಿ ಬಿಟ್ಟ ಗಂಟುಗಳನ್ನೆಲ್ಲ ಹುಡುಕಿ ಹುಡುಕಿ ಕಟ್ಟಿದೆ. ಅಟ್ಟದ ಮೇಲೆ ಸಿಕ್ಕಿದ್ದ ಹಳೆಯದೊಂದನ್ನೂ ಬಿಡದೆ ಕಟ್ಟಿ, ಅದೇ ಹಗ್ಗಕ್ಕೆ ಹಾಕಿದೆ.

ಮಂಗಳವಾರ ಮಧ್ಯಾಹ್ನ ಗಾಳಿ ನಿಂತಿತು. ಮರದ ಎಲೆ ಅಲುಗದು. ಟೀ ಹೊತ್ತಿಗೆ ಆಕಾಶ ಕಾದ ಬಾಣಲೆಯ ತಳದ ಹಾಗಾಯಿತು. ಗಾಳಿ ಎದ್ದಿದ್ದೇ ತಡ, ಟೈಲರಮ್ಮನ ಬೋರ್ಡು ಬೀದಿಯುದ್ದಕ್ಕೂ ತಾನೇ ನಡೆದುಕೊಂಡು ಹೋಯಿತು. ಹಿಂದೆಯೇ ಸಿಡಿಲು, ಅದರ ಹಿಂದೆ ಮಳೆ. ಕ್ಷಣದಲ್ಲಿ ನಮ್ಮ ಅಂಗಡಿ ತುಂಬಿತು. ಬೀದಿಯ ಕೊಡೆಗಳೆಲ್ಲ ನಮ್ಮ ಹಗ್ಗದ ಮೇಲೇ ಇದ್ದವಲ್ಲ.

ಮೊದಲು ಬಂದವನು ಬೇಕರಿಯವನು, ತಲೆ ಮೇಲೆ ರೊಟ್ಟಿ ತಟ್ಟೆ ಕವುಚಿಕೊಂಡು. ತನ್ನ ಕೊಡೆ ಕೊಡು ಅಂದ. ಯಾವುದು ಅಂದೆ. ಕಪ್ಪಗಿರುತ್ತೆ ಅಂದ. ಇಲ್ಲಿರುವುದೆಲ್ಲ ಕಪ್ಪೇ ಅಂದೆ. ತನ್ನದು ತೆರೆದರೆ ಕೀರ್ ಅನ್ನುತ್ತೆ, ಅದೇ ಗುರುತು ಅಂದ. ಕೀರಲನ್ನು ನಾನು ಸರಿ ಮಾಡಿಬಿಟ್ಟಿದ್ದೆ. ಅಂಚೆಯಣ್ಣ ತನ್ನದು ಎಡಗಡೆ ಸೋರುತ್ತದೆ ಅಂದರು. ಈಗ ಯಾವುದೂ ಸೋರುವುದಿಲ್ಲ. ಇನ್ನೊಬ್ಬರದು ಒಂದು ಕಡ್ಡಿ ಸೊಟ್ಟ. ಸೊಟ್ಟ ಇದ್ದದ್ದೆಲ್ಲ ನೇರವಾಗಿದೆ.

ಹೆಸರಿನ ಚೀಟಿ ಅಂಟಿಸುವ ಪದ್ಧತಿ ನಮ್ಮಲ್ಲಿ ಯಾವತ್ತೂ ಇಲ್ಲ. ಟೈಲರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಭಲೇ ಡಾಕ್ಟರು ಕಣೇ ನೀನು. ಕಾಯಿಲೆ ವಾಸಿ ಮಾಡಿ, ರೋಗಿ ಯಾರು ಅನ್ನೋದನ್ನೇ ಕಳೆದುಬಿಟ್ಟೆಯಲ್ಲ."

ಗುಡುಗಿಗಿಂತ ಜೋರಾಗಿ ನಕ್ಕರು ಎಲ್ಲರೂ. ನನಗೆ ನಗು ಬರಲಿಲ್ಲ. ಸದ್ಯಕ್ಕೆ ಕೈಗೆ ಸಿಕ್ಕಿದ್ದು ತೆಗೆದುಕೊಂಡು ಹೋಗಿ, ಮಳೆ ನಿಂತ ಮೇಲೆ ನೋಡೋಣ ಅಂದೆ. ಒಬ್ಬೊಬ್ಬರೂ ಒಂದೊಂದು ಹಿಡಿದು ಹೋದರು.

ಮಳೆ ನಿಲ್ಲಲಿಲ್ಲ. ಬುಧವಾರ ಬೆಳಗ್ಗೆ ಬಿಸಿಲು ಹೊಳೆಯುತ್ತಿತ್ತು, ಸಂಜೆಗೆ ಮತ್ತೆ ಅದೇ ಆರ್ಭಟ. ಕರೆಂಟು ಹೋಯಿತು, ಫೋನಿನ ಲೈನೂ ಹೋಯಿತು. ಕೊಡೆ ಅದಲು ಬದಲಾದವರು ಬಂದು ಗೊಣಗಿ ಹೋಗುತ್ತಿದ್ದರು. ಒಬ್ಬರಿಗೆ ಭಾರ, ಒಬ್ಬರಿಗೆ ಹಿಡಿ ದಪ್ಪ. ಇದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ನುಂಗಲಾಗದೆ ಹೋದದ್ದು ನರ್ಸಮ್ಮನ ಮಾತು.

ಬೀದಿ ಕೊನೆಯ ನರ್ಸಮ್ಮ ನಿನಗೆ ಗೊತ್ತಲ್ಲ, ಅಮ್ಮನ ಕೊನೆಗಾಲದಲ್ಲಿ ಪಕ್ಕದಲ್ಲಿದ್ದವರು. ಅವರು ಅಪ್ಪನ ಹತ್ತಿರ ರಿಪೇರಿಗೆ ಬಿಟ್ಟಿದ್ದು ತೀರಿಹೋದ ಯಜಮಾನರ ಕೊಡೆ. ಗುರುವಾರ ಮಧ್ಯಾಹ್ನ ಸೆರಗನ್ನು ತಲೆ ಮೇಲೆ ಹೊದ್ದು ನೆನೆಯುತ್ತಲೇ ಬಂದರು. ಮಂಗಳವಾರ ಒಯ್ದಿದ್ದ ಕೊಡೆ ಕೈಯಲ್ಲೇ ಇತ್ತು. ತೆರೆದಿರಲಿಲ್ಲ. ಅದನ್ನು ಮೇಜಿನ ಮೇಲಿಟ್ಟು, "ಇದು ಅವರದ್ದಲ್ಲ ಕಣಮ್ಮ" ಅಂದರು. ಒಂದು ಬಿರುನುಡಿ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅವರು ಹೋದ ಮೇಲೆ ಅಂಗಡಿ ಹಾಕಿ ಒಳಗೆ ಬಂದೆ. ನಿನಗೆ ಫೋನ್ ಮಾಡಲು ಕೂತೆ, ಬಂದು ಅಪ್ಪನನ್ನು ಕರೆದುಕೊಂಡು ಹೋಗು ಎನ್ನಲು. ಎಷ್ಟು ಸಲ ಒತ್ತಿದರೂ ಲೈನ್ ಇಲ್ಲ. ಈ ವಾರ ನಾನು ಯಾರಿಗೆಲ್ಲ ಋಣಿ ಎಂದು ಯೋಚಿಸುವಾಗ, ಆ ತಂತಿಯ ಮೇಲೆ ಕೊಂಬೆ ಬೀಳಿಸಿದ ಗಾಳಿಗೂ ಒಂದು ನಮಸ್ಕಾರ ಸಲ್ಲಬೇಕು.

ಅಪ್ಪ ಎಂದಿನ ಹಾಗೆ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಅವರು ಮಾತಾಡುವುದನ್ನೇ ಬಿಟ್ಟಿದ್ದರು ಎಂದು ನಿನಗೆ ನಾನು ಪೂರ್ತಿ ಹೇಳಿರಲಿಲ್ಲ. ಹೂಂ, ಉಹೂಂ ಬಿಟ್ಟರೆ ಏನೂ ಇಲ್ಲ. ಅವರ ಬೆನ್ನಿಗೇ ಎಲ್ಲ ಹೇಳಿಕೊಂಡೆ. ಗಂಟು ಕಟ್ಟಿದ್ದು, ಕೀರಲು ಹೋಗಲಾಡಿಸಿದ್ದು, ಬೇಕರಿಯವನ ರೊಟ್ಟಿ ತಟ್ಟೆ, ಟೈಲರಮ್ಮನ ಡಾಕ್ಟರು, ನರ್ಸಮ್ಮ. ಹೇಳುತ್ತಾ ಹೇಳುತ್ತಾ ಅತ್ತೆ. ಅಪ್ಪನ ಭುಜ ಅಲುಗತೊಡಗಿತು. ಅವರೂ ಅಳುತ್ತಿದ್ದಾರೆ ಎಂದು ಓಡಿಹೋಗಿ ಮುಂದೆ ನಿಂತರೆ, ಅಕ್ಕ, ಅವರು ನಗುತ್ತಿದ್ದರು. ಕೆಮ್ಮು ಬರುವವರೆಗೆ ನಕ್ಕರು. ನೀರು ಕುಡಿಸಬೇಕಾಯಿತು.

"ಎಲ್ಲಿ ಮುರಿದಿತ್ತೋ ಅಲ್ಲೇ ಗಂಟು ಬಿಡ್ತಿದ್ದೆ ಕಣೇ, ಗುಬ್ಬಿ. ಅದನ್ನ ನೋಡಿದ್ರೆ ಯಾರದು ಅಂತ ಗೊತ್ತಾಗೋದು. ಬಿಟ್ಟ ಗಂಟೇ ಚೀಟಿ."

ಮಾತು ತೊದಲುತ್ತಿತ್ತು, ಆದರೆ ಮಾತೇ. ಅಷ್ಟು ವರ್ಷ ಜೊತೆಗಿದ್ದು ನಮಗೆ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ಕೇಳಲಿಲ್ಲ, ನಗುತ್ತಿದ್ದಿರಿ, ನಗುವ ಮಕ್ಕಳಿಗೆ ಯಾಕೆ ಅಡ್ಡ ಬರಲಿ ಅಂದರು.

ಶುಕ್ರವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಬಿಸಿಲು, ಬಾಕಿ ಸಾಲಕ್ಕೆ ಬಡ್ಡಿ ಸೇರಿಸಿಕೊಂಡು ಬಂದವನ ಹಾಗೆ ಬಂತು. ರಸ್ತೆಯಿಂದ ಹಬೆ ಏಳುತ್ತಿತ್ತು. ಇನ್ನು ಕೊಡೆ ಯಾರಿಗೆ ಬೇಕು, ಎಲ್ಲರೂ ಮರೆತು ಮೂಲೆಗೆ ಹಾಕುತ್ತಾರೆ, ಯಾರದೋ ಯಾರ ಮನೆಯಲ್ಲೋ ಉಳಿದುಹೋಗುತ್ತದೆ ಎಂದು ಹೆದರಿದೆ. ಅಪ್ಪ ಮಾತ್ರ ನಾಳೆ ಸಂಜೆ ಎಲ್ಲರಿಗೂ ಕೊಡೆ ತರಲು ಹೇಳು ಅಂದರು. ನೋಡಿದರೆ ಗುರುತಾಗುತ್ತದಾ ಎಂದು ಕೇಳಿದೆ. ಇಲ್ಲ ಅಂದರು. ನೀನು ಅಷ್ಟು ಚೆನ್ನಾಗಿ ಮಾಡಿದ್ದೀಯ ಅಂದರು. ಅದನ್ನು ಬೈಗುಳ ಅಂದುಕೊಳ್ಳಲೋ ಹೊಗಳಿಕೆ ಅಂದುಕೊಳ್ಳಲೋ ತಿಳಿಯದೆ ರಾತ್ರಿಯೆಲ್ಲ ಹೊರಳಾಡಿದೆ.

ಶನಿವಾರ ಸಂಜೆ ಬೇಕರಿಯವನೂ ಅಂಚೆಯಣ್ಣನೂ ಅಪ್ಪನನ್ನು ಕುರ್ಚಿ ಸಮೇತ ಎತ್ತಿ ಅಂಗಡಿ ಮುಂದೆ ಕೂರಿಸಿದರು. ಇಷ್ಟು ದಿನದ ಮೇಲೆ ಅವರನ್ನು ಬೀದಿಯಲ್ಲಿ ಕಂಡು ಜನ ಸುಮ್ಮನಾಗಿಬಿಟ್ಟರು. ಆ ಮೌನ ಮುರಿಯಲೆಂದೇ ಟೈಲರಮ್ಮ ಕಥೆ ಶುರು ಮಾಡಿದ್ದು. ಅವರು ನನ್ನನ್ನು ಎರಡನೇ ಸಲ ಮೂರ್ಛೆ ಬೀಳಿಸುವ ಹೊತ್ತಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಾನೂ.

ನಗು ನಿಂತ ಮೇಲೆ ಅಪ್ಪ ಎಲ್ಲರನ್ನೂ ಸುತ್ತ ಕೂರಿಸಿದರು. ಕಣ್ಣು ಮುಚ್ಚಿ, ಕೈಯಲ್ಲಿರುವ ಕೊಡೆಯ ಹಿಡಿಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ನೋಡಿ, ನಿಮ್ಮದಲ್ಲ ಅನ್ನಿಸಿದರೆ ಪಕ್ಕದವರಿಗೆ ದಾಟಿಸಿ ಅಂದರು. ಹಿಡಿಗಳನ್ನು ನಾನು ಬದಲಿಸಿರಲಿಲ್ಲ. ನರ್ಸಮ್ಮ ಬಿಟ್ಟುಹೋದದ್ದನ್ನೂ ಹಗ್ಗದ ಮೇಲೆ ಉಳಿದದ್ದನ್ನೂ ನಾನು ಆಟಕ್ಕೆ ಸೇರಿಸಿದೆ. ಅಷ್ಟೊಂದು ದೊಡ್ಡವರು ಕಣ್ಣು ಮುಚ್ಚಿಕೊಂಡು ಮಕ್ಕಳಾಟ ಆಡುವುದನ್ನು ನೀನು ನೋಡಬೇಕಿತ್ತು. ಮೊದಮೊದಲು ಕಿಸಕಿಸ. ಟೈಲರಮ್ಮ ಒಂದು ಕಣ್ಣು ತೆರೆದು ನೋಡಿ ಸಿಕ್ಕಿಬಿದ್ದರು. ಆಮೇಲೆ ಕೊಡೆಗಳು ಕೈಯಿಂದ ಕೈಗೆ ಹೋಗುವ ಸದ್ದು ಮಾತ್ರ. ಅಂಚೆಯಣ್ಣ ಒಂದರ ಹಿಡಿಯನ್ನು ತಿರುಗಿಸಿ, ಹೆಬ್ಬೆರಳು ಒಂದು ತಗ್ಗಿಗೆ ಕೂತಿದ್ದೇ, ಬಂತಪ್ಪ ಅಂದರು. ಬೇಕರಿಯವನು ಮತ್ತು ಇನ್ನೊಬ್ಬರು ಒಂದೇ ಕೊಡೆಗೆ ಜಗ್ಗಾಡಿದರು. ಬೇಕರಿಯವನು ಅದನ್ನು ಮೂಸಿ ನೋಡಿ, ರೊಟ್ಟಿ ವಾಸನೆ ಇಲ್ಲ, ಸೋತೆ ಎಂದು ಬಿಟ್ಟುಕೊಟ್ಟ.

ನರ್ಸಮ್ಮನ ಕೈಗೆ ಒಂದು ಕೊಡೆ ಬಂತು. ಅವರು ಅದನ್ನು ದಾಟಿಸಲಿಲ್ಲ. ಪಕ್ಕದವರು ಕೈ ಚಾಚಿಕೊಂಡು ಕಾಯುತ್ತಿದ್ದರು. ನರ್ಸಮ್ಮ ಎರಡೂ ಕೈಯಿಂದ ಹಿಡಿಯನ್ನು ಸುತ್ತಿ ಹಿಡಿದು, ಕಣ್ಣು ತೆರೆಯದೆ ಹಾಗೇ ಕೂತರು. ಪಕ್ಕದವರು ಸದ್ದಿಲ್ಲದೆ ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಅಪ್ಪನ ಕಡೆ ನೋಡಿದೆ. ಅವರು ಆಕಾಶ ನೋಡುತ್ತಿದ್ದರು, ಮಳೆ ಬರುತ್ತದೇನೋ ಎನ್ನುವ ಹಾಗೆ.

ಕೊನೆಗೆ ಒಂದು ಕೊಡೆ ಮಾತ್ರ ಸುತ್ತುತ್ತಲೇ ಉಳಿಯಿತು. ಯಾರ ಕೈಯೂ ಅದನ್ನು ನಿಲ್ಲಿಸಲಿಲ್ಲ. ಅಪ್ಪ ಅದನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ಎಡಗೈಯ ಉಗುರಿನಿಂದ ಒಂದು ಕಡ್ಡಿಯ ತುದಿಯ ಗಂಟನ್ನು ನಿಧಾನವಾಗಿ ಬಿಚ್ಚಿದರು. ಬಿಚ್ಚಿ, ಮೊಳೆಗೆ ನೇತುಹಾಕು ಎಂದು ನನ್ನ ಕೈಗೆ ಕೊಟ್ಟರು.

ಇವತ್ತು ಬೆಳಗ್ಗೆ ನಾನು ಇನ್ನೂ ಬಾಗಿಲು ತೆಗೆದಿರಲಿಲ್ಲ, ಹೊರಗೆ ಗುಸುಗುಸು. ತೆಗೆದರೆ ನಿನ್ನೆ ಕಥೆ ಕೇಳಿದವರೆಲ್ಲ ಸುಡುಬಿಸಿಲಿಗೆ ಕೊಡೆ ಬಿಚ್ಚಿಕೊಂಡು ಸಾಲಾಗಿ ನಿಂತಿದ್ದಾರೆ. ಏನಾಯ್ತು, ಸೋರುತ್ತಾ ಎಂದು ಗಾಬರಿಯಿಂದ ಕೇಳಿದೆ. ಮುಂದೆ ನಿಂತಿದ್ದ ನರ್ಸಮ್ಮ ಏನೂ ಆಗಿಲ್ಲ ಅಂದರು. ಒಂದು ಗಂಟು ಬಿಚ್ಚಿ ಮತ್ತೆ ಹಾಕಿಕೊಡು, ಹೋದ ಸಲ ಕೂತು ಮಾತಾಡಲು ಆಗಲಿಲ್ಲವಲ್ಲ ಅಂದರು.

ಅಪ್ಪನಿಗೆ ಹೇಳಿಕಳಿಸಬೇಕಾಗಲಿಲ್ಲ. ಗೋಡೆ ಹಿಡಿದು ತಾವೇ ಬಂದರು. ಅವರು ಎಡಗೈಯಲ್ಲಿ ಬಿಚ್ಚುತ್ತಿದ್ದರು, ನಾನು ಕಟ್ಟುತ್ತಿದ್ದೆ. ಒಬ್ಬೊಬ್ಬರೂ ಸ್ಟೂಲಿನ ಮೇಲೆ ಕೂತು ಮನೆಯ ಸುದ್ದಿ ಹೇಳಿದರು. ಬಂದವರಲ್ಲಿ ಒಬ್ಬರೂ ಅವಸರ ಮಾಡಲಿಲ್ಲ. ಕೊನೆಯವರು ಹೋಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು.

ಅಕ್ಕ, ಮೊದಲ ಮಳೆ ಆಯಿತು. ಜನ ನನ್ನ ಕೊಡೆ ಹಿಡಿದರೋ ಇಲ್ಲವೋ ನೀನೇ ಹೇಳು. ಆವತ್ತು ನೀನು ಅಂಗಡಿ ಮುಚ್ಚು ಅನ್ನದೆ ಮಳೆಯವರೆಗೆ ಎಂದು ಗಡುವು ಕೊಟ್ಟೆಯಲ್ಲ, ಅದಕ್ಕಾಗಿ ನಿನ್ನ ಮೇಲೆ ಸಿಟ್ಟಿತ್ತು. ಈಗ ಅದೇ ಮಾತಿಗೆ ನಿನಗೆ ಕೈಮುಗಿಯಬೇಕು ಅನ್ನಿಸುತ್ತಿದೆ. ಅಪ್ಪ ಇಲ್ಲೇ ಇರುತ್ತಾರೆ. ನಾನೂ. ಭಾವನಿಗೆ, ನೋಡಿಟ್ಟ ಕೆಲಸ ಬೇರೆ ಯಾರಿಗಾದರೂ ಕೊಡಲು ಹೇಳು, ನನ್ನ ನಮಸ್ಕಾರವನ್ನೂ ತಿಳಿಸು.

ಸೆಕೆಯಲ್ಲಿ ಬೆವರು ಬಿದ್ದು ಅಲ್ಲಲ್ಲಿ ಶಾಯಿ ಹರಡಿದೆ. ಕಣ್ಣೀರು ಅಂದುಕೊಳ್ಳಬೇಡ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಮೊಳೆಗೆ ಹಾಕಿದ ಆ ಕೊಡೆ ಯಾರದೆಂದು ಇವತ್ತು ಎಲ್ಲರೂ ಹೋದ ಮೇಲೆ ಅಪ್ಪನನ್ನು ಕೇಳಿದೆ. ನೀನು ಮದುವೆಯಾಗಿ ಹೊರಡುವ ದಿನ ಗಾಳಿಗೆ ಮಗುಚಿ ಮುರಿಯಿತಲ್ಲ, ಇನ್ನೊಂದು ಕೊಂಡರಾಯಿತು ಎಂದು ಬಿಟ್ಟುಹೋದೆಯಲ್ಲ, ಅದು. ಅದೇ ವಾರ ಸರಿ ಮಾಡಿ ಅಟ್ಟದಲ್ಲಿಟ್ಟಿದ್ದರಂತೆ. ಒಂದು ಗಂಟು ಬಾಕಿ ಇದೆ. ನೀನು ಬಂದು ಸ್ಟೂಲಿನ ಮೇಲೆ ಕೂರಬೇಕಂತೆ.