ಪಕ್ಕದ ಮನೆಯ ಡಿಸ್ಕಿನಲ್ಲಿ ಉಳಿದ ಕಿವಿ

ಕಲಬುರಗಿ
ಇಸವಿ 2214, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ

ಒಂದು ಕೋಣೆಯ ಕಂಪ್ಯೂಟರುಗಳಿಗೆಲ್ಲ ಒಂದೇ ಡಿಸ್ಕನ್ನು ಹಂಚಿಕೊಡಲು ನಿಮ್ಮ ಕಾಲದಲ್ಲಿ ತಂತಿ ಎಳೆಯುತ್ತಿರುವ ನಮ್ಮ ಹಿರಿಯರೇ,

ತಾರೀಖು ತಪ್ಪಿಲ್ಲ. ಬಿಸಿಲಿಗೆ ಬೀದಿಗಿಳಿಯಲಾಗದ ದಿನಗಳನ್ನು ಕೂಡಿಸಿ ನಾವು ಬೇರೆಯೇ ತಿಂಗಳು ಮಾಡಿಕೊಂಡಿದ್ದೇವೆ; ಅದಕ್ಕೆ ಬೇಗೆ ಎನ್ನುತ್ತೇವೆ. ನನ್ನ ಇನ್ನೂ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ನಮ್ಮ ಓಣಿಯಲ್ಲಿ ಹದಿನೆಂಟು ಮನೆಗಳಿವೆ. ಎಲ್ಲವನ್ನೂ ಒಂದು ತಂತಿ ಜೋಡಿಸುತ್ತದೆ; ಅದು ಓಣಿಯ ಆಚೆಗೆ ಹೋಗುವುದಿಲ್ಲ. ಪ್ರತಿ ಮನೆಯೂ ತನ್ನ ಡಿಸ್ಕಿನ ಅರ್ಧವನ್ನು ಪಕ್ಕದ ಮನೆಗೆ ಬಿಟ್ಟುಕೊಡಬೇಕು. ಆ ಅರ್ಧದ ಹೆಸರು ನೆರೆಪಾಲು. ನಮ್ಮ ಕಡತಗಳ ನಕಲು ದಿನಾ ಸಂಜೆ ತಾನಾಗಿ ಅವರಲ್ಲಿಗೆ ಹೋಗಿ ಕೂರುತ್ತದೆ, ಅವರದು ನಮ್ಮಲ್ಲಿಗೆ. ಮದುವೆಯಾಗಿ ಬಂದ ಸೊಸೆಗೆ ಇಲ್ಲಿ ಒಲೆಗಿಂತ ಮೊದಲು ನೆರೆಪಾಲಿನ ಪೆಟ್ಟಿಗೆಯನ್ನು ತೋರಿಸುತ್ತಾರೆ.

ನನ್ನ ಪಕ್ಕದ ಮನೆ ರಾಚಮ್ಮನದು. ಆರು ವರ್ಷದ ಹಿಂದೆ ಆಕೆಯ ಪಾರಿವಾಳಗಳು ನಾನು ಒಣಹಾಕಿದ್ದ ಸಂಡಿಗೆಯನ್ನು ತಿಂದುಹಾಕಿದವು. ಮಾತಿಗೆ ಮಾತು ಬೆಳೆಯಿತು. ಆ ಸಿಟ್ಟಿನಲ್ಲಿ ನನ್ನ ಡಿಸ್ಕಿನಲ್ಲಿ ಆಕೆಗಿದ್ದ ಬರೆಯುವ ಅನುಮತಿಯನ್ನು ತೆಗೆದುಹಾಕಿದೆ. ಹಳೆಯದನ್ನು ಓದಬಹುದು, ಹೊಸದನ್ನು ಇಡುವಂತಿಲ್ಲ. ಆಕೆಯೂ ನನಗೆ ಹಾಗೆಯೇ ಮಾಡಿರುತ್ತಾಳೆ ಎಂದುಕೊಂಡೆ. ನೋಡುವ ಗೋಜಿಗೆ ಹೋಗಲಿಲ್ಲ.

ಈ ಬೇಗೆಯ ಮೊದಲ ದಿನವೇ ನಮ್ಮ ಡಿಸ್ಕ್ ಸುಟ್ಟುಹೋಯಿತು. ನನ್ನ ಮಗಳು ಅಮರಜಾಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಕೃತಕ ಕಿವಿ ಹಾಕಿಸಿದ್ದೇವೆ. ಬೆಳಿಗ್ಗೆ ಅವಳು ಎದ್ದೊಡನೆ ಅದು ಡಿಸ್ಕಿನಿಂದ ಒಂದು ಕಡತವನ್ನು ಓದಿಕೊಳ್ಳುತ್ತದೆ. ಶ್ರವಣನಕ್ಷೆ ಎನ್ನುತ್ತಾರೆ. ಯಾವ ಸದ್ದು ಯಾವುದರದು ಎಂದು ಎಂಟು ವರ್ಷ ಅವಳು ಕಲಿತದ್ದೆಲ್ಲ ಅದರಲ್ಲಿತ್ತು. ಆ ಬೆಳಿಗ್ಗೆ ನಾನು ಕರೆದರೆ ಅವಳು ತಿರುಗಲಿಲ್ಲ.

ರಾಚಮ್ಮನ ಬಾಗಿಲು ಮೂರು ಹೆಜ್ಜೆ ದೂರ. ಅಲ್ಲಿ ಏನೂ ಸಿಗದು ಎಂದು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಹೋಗಿ, ನಕ್ಷೆಯ ನಕಲು ಉಳಿದಿದೆಯೇ ಎಂದು ತಲೆ ಎತ್ತದೆ ಕೇಳಿದೆ.

“ನಿನ್ನ ಸಂಡಿಗಿ ತಿಂದ ಪಾರಿವಾಳ ಸತ್ತು ಮಣ್ಣಾಗ್ಯದ, ನಿನ್ನ ಸಿಟ್ಟು ಇನ್ನಾ ಕುಂತದ ನೋಡು,” ಎಂದಳು. “ನನಗ ಸಿಟ್ಟಿದ್ದದ್ದು ನಿನ್ನ ಮ್ಯಾಲ, ನೀಲಾ. ಕೂಸಿನ ಮ್ಯಾಲ ಅಲ್ಲ. ಒಳಗ ಬಾ, ಬಿಸಲಾಗ ನಿಂದ್ರಬ್ಯಾಡ.”

ಎಲ್ಲವೂ ಇತ್ತು. ಡಿಸ್ಕ್ ಸುಡುವ ಹಿಂದಿನ ಸಂಜೆಯವರೆಗಿನ ಪ್ರತಿಯೂ ಇತ್ತು. ತಂತಿಯಲ್ಲಿ ಅದು ನಮ್ಮ ಮನೆಯ ಹೊಸ ಡಿಸ್ಕಿಗೆ ಬಂದಿಳಿಯಲು ನಾಲ್ಕು ನಿಮಿಷ ಹಿಡಿಯಿತು. ಅಮರಜಾ ತಲೆ ಎತ್ತಿ, ಗೋಡೆಯಾಚೆ ಪಾರಿವಾಳಗಳು ಗುಟುರ್ ಗುಟುರ್ ಎನ್ನುತ್ತಿವೆ ಎಂದಳು.

ನಿಮ್ಮಲ್ಲಿ ಒಂದು ಕೋರಿಕೆ. ಈ ಡಿಸ್ಕಿಗೆ ಯಾರು ಬರೆಯಬಹುದು ಎಂದು ಪರದೆ ನಿಮ್ಮನ್ನೂ ಕೇಳುತ್ತದೆ. ಅಂದು ನೀವು ಸಿಟ್ಟಿನಲ್ಲಿದ್ದರೆ ಉತ್ತರವನ್ನು ನಾಳೆಗೆ ಇಡಿ.

ಹೊಸ ಡಿಸ್ಕಿನಲ್ಲಿ ನಾನು ಮಾಡಿದ ಮೊದಲ ಕೆಲಸ, ರಾಚಮ್ಮನ ಅನುಮತಿಯನ್ನು ಹಿಂತಿರುಗಿಸಿದ್ದು. ಆಕೆಯ ಆರು ವರ್ಷಗಳು ಈಗ ಒಂದೊಂದೇ ಕಡತವಾಗಿ ನಮ್ಮ ಮನೆಗೆ ಬರುತ್ತಿವೆ. ಪುಣ್ಯಕ್ಕೆ ಈ ಆರು ವರ್ಷ ಆಕೆಯ ಡಿಸ್ಕ್ ಸುಡಲಿಲ್ಲ.

ನೀಲಗಂಗಾ