ತೂಕದ ಒಪ್ಪತ್ತು

ಬ್ಯಾಡಗಿ, ಮಾರ್ಚ್ 1991

ಮಕ್ಕಳ ಪೌಷ್ಟಿಕ ಆಹಾರ ಯೋಜನೆಯ ಮೇಲಧಿಕಾರಿಗಳಿಗೆ,

ಮಾನ್ಯರೇ,

ಹೋದ ತಿಂಗಳು ನೀವು ನಮ್ಮ ಓಣಿಗೆ ದಯಮಾಡಿಸಿ, ಇಲ್ಲಿಯ ತಾಯಂದಿರನ್ನು ಮೋಸಗಾತಿಯರೆಂದು ಕರೆದು, ಅವರ ಮಕ್ಕಳಿಗೆ ಬಾಲವಾಡಿಯಲ್ಲಿ ಸಿಗುತ್ತಿದ್ದ ಎರಡನೆಯ ಪಾಲಿನ ಊಟವನ್ನು ನಿಲ್ಲಿಸಿ, ಜೀಪು ಹತ್ತಿ ಹಾವೇರಿಯ ಕಡೆ ಹೊರಟುಹೋದಿರಿ. ಮೋಸವಾಗಿದ್ದು ನಿಜ. ಮಾಡಿದವರು ಯಾರು ಎಂಬಲ್ಲಿ ಮಾತ್ರ ನನಗೂ ನಿಮಗೂ ಭಿನ್ನಾಭಿಪ್ರಾಯವಿದೆ. ಇದನ್ನು ಲಕೋಟೆಯಲ್ಲಿಟ್ಟು ಕಳಿಸಿದರೆ ನಿಮ್ಮ ಕಚೇರಿಯಲ್ಲಿ ಒಂದು ನಂಬರು ಬಿದ್ದು ಹಾಯಾಗಿ ಮಲಗಿಬಿಡುತ್ತದೆ. ಅದಕ್ಕೇ ಪತ್ರಿಕೆಗೆ ಕೊಟ್ಟಿದ್ದೇನೆ, ನಾಲ್ಕು ಜನ ಓದಲಿ.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನಿಮ್ಮ ಬಾಲವಾಡಿ ನಡೆಯುವುದು ನನ್ನ ಮನೆಯ ಪಡಸಾಲೆಯಲ್ಲಿ, ಮಕ್ಕಳನ್ನು ತೂಗುವ ತಕ್ಕಡಿ ನೇತಾಡುವುದು ನನ್ನ ಮನೆಯ ತೊಲೆಗೆ. ಹೀಗಾಗಿ ನಿಮ್ಮ ಯೋಜನೆಯನ್ನು ನಾನು ಭಾಷಣದಲ್ಲಿ ಕೇಳಿ ತಿಳಿದವಳಲ್ಲ. ತಿಂಗಳಿಗೊಮ್ಮೆ ಮಗುವನ್ನು ಬಟ್ಟೆಯ ಜೋಲಿಯಲ್ಲಿ ಕೂರಿಸಿ ತೂಗುತ್ತಾರೆ. ತೀರಾ ಹಗುರವಿದ್ದರೆ ಎರಡು ಪಾಲು ಉಪ್ಪಿಟ್ಟು. ಅದನ್ನುಂಡು ಮಗು ಕೊಂಚ ಮೈ ತುಂಬಿಕೊಂಡಿತೋ, ಎರಡನೆಯ ಪಾಲು ಬಂದ್. ಒಂದೇ ಪಾಲುಂಡು ಮತ್ತೆ ಬಡಕಲಾದರೆ ಮತ್ತೆ ಎರಡು. ಈ ನಿಯಮವನ್ನು ಯೋಚಿಸಿದ ಪುಣ್ಯಾತ್ಮರ ಮನೆಯಲ್ಲಿ ಮಕ್ಕಳಿದ್ದಾರೆಯೇ? ಜ್ವರ ಬಿಟ್ಟ ಮಗನಿಗೆ ಅವರು ಮರುದಿನದಿಂದ ಅರ್ಧ ಊಟ ಬಡಿಸುತ್ತಾರೆಯೇ?

ನೀವು ಬೈದುಹೋದ ಬಿಸ್ಮಿಲ್ಲಾಬಿಯ ವಿಷಯ ಹೇಳುತ್ತೇನೆ. ಗಂಡ ಫಕ್ಕೀರಸಾಬ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ಪೇಟೆ ಇದ್ದ ದಿನ ಬೆನ್ನ ಮೇಲೆ ಚೀಲ, ಇಲ್ಲದ ದಿನ ಕೈಕಟ್ಟಿ ಕೂಡಬೇಕು. ಇವಳು ಬೆಳಗಾದರೆ ಮೆಣಸಿನಕಾಯಿಯ ತೊಟ್ಟು ಮುರಿಯಲು ಹೋಗುತ್ತಾಳೆ. ನಾಲ್ಕು ವರ್ಷದ ಮಗಳು ಗುಲಾಬಬಿ ನನ್ನ ಪಡಸಾಲೆಯಲ್ಲಿರುತ್ತಾಳೆ. ಈ ಊರಿನಲ್ಲಿ ತೂಕವೆಂದರೆ ಮರ್ಯಾದೆ. ತಕ್ಕಡಿಯಲ್ಲಿ ಹಗುರ ಬಂದ ಚೀಲವನ್ನು ಎಲ್ಲರೆದುರು ಪಕ್ಕಕ್ಕೆ ಎಳೆದು ಹಾಕುತ್ತಾರೆ. ಅದನ್ನೇ ನೋಡುತ್ತ ಬೆಳೆದವಳು ಬಿಸ್ಮಿಲ್ಲಾಬಿ. ತನ್ನ ಮಗಳು ಹಗುರ ಬರುತ್ತಾಳೆಂಬುದು ಅವಳಿಗೆ ದೊಡ್ಡ ಅವಮಾನವಾಗಿತ್ತು. ಹೋದ ಚಳಿಗಾಲದಲ್ಲಿ ತೂಕದ ದಿನ ಮಗಳಿಗೆ ಹೊಟ್ಟೆ ಬಿರಿಯುವಂತೆ ಗಂಜಿ ಕುಡಿಸಿ, ಮೇಲೆ ಒಂದು ಚರಿಗೆ ನೀರು ಕುಡಿಸಿ, ಅತ್ತೆಯ ಬೆಳ್ಳಿ ಕಾಲುಕಡಗ ತೊಡಿಸಿ, ದಪ್ಪ ಕೋಟು ಹಾಕಿ ಕರೆತಂದಳು. ಬಾಲವಾಡಿಯವಳು ಕೆಲಸದ ಅವಸರದಲ್ಲಿ ಹಾಗೆಯೇ ತೂಗಿದಳು.

"ಅಕ್ಕೋರ, ನಮ್ಮ ಹುಡುಗಿ ಪಾಸಾದ್ಲರಿ. ಇನ್ನ ಯಾರೂ ಆಕಿನ್ನ ಬಡಕಲಿ ಅನ್ನಂಗಿಲ್ಲ" ಎಂದು ನನ್ನ ಅಡುಗೆಮನೆಯವರೆಗೂ ಬಂದು ಹೇಳಿದಳು. ಮರುದಿನ ತಾಟಿನಲ್ಲಿ ಒಂದೇ ಪಾಲು ಬಿತ್ತು. ಸಂಜೆ ಮತ್ತೆ ಬಂದಳು. "ಪಾಸಾದವ್ರಿಗೆ ಊಟ ಕಡಿಮಿ ಮಾಡ್ತಾರೇನ್ರಿ? ಇದ್ಯಾವ ಸಾಲಿರಿ ಅಕ್ಕೋರ?"

ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಉತ್ತರ ಹೇಳಿದವಳು ಪಕ್ಕದ ಮನೆಯ ರೇಣುಕವ್ವ. "ಹಿಂದಿನ ದಿನ ಸಂಜಿಂದ ಏನೂ ಉಣಿಸಬ್ಯಾಡ. ಮುಂಜಾನಿ ಚಹಾನೂ ಬ್ಯಾಡ. ಹಗೂರ ಆಗ್ತಾಳ. ಒಂದಿನ ತಡಕೊಂಡ್ರ ತಿಂಗಳ ಪೂರಾ ಹೊಟ್ಟಿ ತುಂಬತೈತಿ ನೋಡು." ತನ್ನ ಮಗನಿಗೆ ಅವಳು ಆಗಲೇ ಹಾಗೆ ಮಾಡುತ್ತಿದ್ದಳು. ಸುತ್ತಲಿನ ಮನೆಗಳೂ ಮಾಡುತ್ತಿದ್ದವು. ಅದಕ್ಕೊಂದು ಹೆಸರೂ ಹುಟ್ಟಿಕೊಂಡಿತ್ತು. ರೇಣುಕವ್ವನ ಮನೆಯಲ್ಲಿ ಅದು 'ತೂಕದ ಒಪ್ಪತ್ತು', ನಮ್ಮ ಮುಸಲ್ಮಾನರ ಮನೆಗಳಲ್ಲಿ 'ತೂಕದ ರೋಜಾ'. ಕನ್ನಡಕ್ಕೆ ನಿಮ್ಮ ಇಲಾಖೆ ಕೊಟ್ಟ ಕೊಡುಗೆಯಿದು, ನಿಘಂಟಿನವರು ಗಮನಿಸಲಿ.

ಹೋದ ತಿಂಗಳ ತೂಕಕ್ಕೆ ತಾವೇ ಬರುವವರಿದ್ದಿರಿ. ಸಾಹೇಬರು ಬರುವ ತನಕ ಯಾರನ್ನೂ ತೂಗಬೇಡಿ, ತೂಗುವ ತನಕ ಉಪ್ಪಿಟ್ಟು ಬಡಿಸಬೇಡಿ ಎಂದು ಬಾಲವಾಡಿಯವಳಿಗೆ ಹೇಳಿ ಕಳಿಸಿದ್ದಿರಿ. ಮಕ್ಕಳು ಬೆಳಗಿನಿಂದ ಸಾಲಾಗಿ ಕುಳಿತಿದ್ದರು. ಉಪ್ಪಿಟ್ಟಿನ ಪಾತ್ರೆ ಮುಚ್ಚಿಕೊಂಡು ಆರುತ್ತಿತ್ತು. ತಾವು ರಾಣೆಬೆನ್ನೂರಿನ ಪ್ರವಾಸಿ ಮಂದಿರದಲ್ಲಿ ಊಟ ಮುಗಿಸಿ, ಎಲೆ ಅಡಿಕೆ ಮೆಲ್ಲುತ್ತ ಇಳಿದಾಗ ಹೊತ್ತು ನೆತ್ತಿಯಿಂದ ಜಾರಿತ್ತು. ಗುಲಾಬಬಿಯನ್ನು ಜೋಲಿಯಲ್ಲಿ ಕೂರಿಸಿದರು. ಅವಳ ಕತ್ತು ವಾಲಿತು, ಕಣ್ಣು ಮೇಲಕ್ಕೆ ಹೋಯಿತು. ಪೇಟೆಯಿಂದ ಅದೇ ಆಗ ಬಂದಿದ್ದ ಬಿಸ್ಮಿಲ್ಲಾಬಿಯ ಕೈ ತುಂಬ ಖಾರ, ಮಗಳ ಮುಖ ಮುಟ್ಟುವಂತಿರಲಿಲ್ಲ. "ನಿನ್ನಿ ಸಂಜಿಂದ ಏನೂ ತಿಂದಿಲ್ರಿ ಆಕಿ, ಯಾರರ ಹಿಡೀರಿ" ಎಂದು ಎರಡೂ ಕೈ ದೂರ ಹಿಡಿದುಕೊಂಡು ಅತ್ತಳು. ಸಕ್ಕರೆ ನೀರು ಕುಡಿಸಿದವಳು ನಾನು. ನೀವು ಹೇಳಿದ್ದೇನು, ನೆನಪಿದೆಯೇ? "ಇವರೆಲ್ಲ ತಾಯಂದಿರೇನ್ರೀ? ಸರ್ಕಾರಕ್ಕೆ ಟೋಪಿ ಹಾಕೋಕೆ ಮಕ್ಕಳನ್ನ ಉಪವಾಸ ಕೆಡವ್ತಾರೆ." ಜೋಲಿಯಲ್ಲಿದ್ದ ಮಗುವಿನ ಕಡೆ ನೀವು ತಿರುಗಿಯೂ ನೋಡಲಿಲ್ಲ.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಹಗುರವಿದ್ದವರಿಗೇ ಅನ್ನ ಎಂದು ಸಾರಿದವರು ನೀವು. ಮಕ್ಕಳು ಹಗುರವಾದರೆ ತಪ್ಪು ತಾಯಿಯದೇ? ತೂಕ ಹೆಚ್ಚಲೆಂದು ಚೀಲಕ್ಕೆ ನೀರು ಚಿಮುಕಿಸುವವರನ್ನು ಜಾಣ ವ್ಯಾಪಾರಿ ಎನ್ನುವ ಲೋಕ, ಒಂದು ಪಾಲು ಉಪ್ಪಿಟ್ಟಿಗಾಗಿ ಮಗಳನ್ನು ಒಣಗಿಸಿದವಳನ್ನು ಮೋಸಗಾತಿ ಎನ್ನುತ್ತದೆ. ನಮ್ಮ ಧರ್ಮದಲ್ಲಿ ಎಳೆಯ ಮಕ್ಕಳಿಗೆ ರೋಜಾ ಇಲ್ಲ. ರೇಣುಕವ್ವನ ಮನೆದೇವರೂ ಕೂಸುಗಳಿಂದ ಒಪ್ಪತ್ತು ಕೇಳುವುದಿಲ್ಲ. ದೇವರುಗಳೆಲ್ಲ ಕೂಡಿ ಮಾಫಿ ಮಾಡಿದ ಉಪವಾಸವನ್ನು ನಿಮ್ಮ ಇಲಾಖೆ ಹಿಡಿಸಿತು. ನನಗೆ ಹೇಸಿಗೆಯಾಗುತ್ತದೆ ಸ್ವಾಮಿ. ಆ ತಕ್ಕಡಿ ನೋಡಿದರೂ ಹೇಸಿಗೆ, ನಿಮ್ಮ ಜೀಪಿನ ಸದ್ದು ನೆನೆದರೂ ಹೇಸಿಗೆ.

ಎರಡನೆಯ ಪಾಲು ನಿಂತ ಮೇಲೆ ಬಿಸ್ಮಿಲ್ಲಾಬಿ ತನ್ನ ಪಾಲಿನ ರೊಟ್ಟಿ ಮುರಿದು ಮಗಳಿಗೆ ಕೊಡುತ್ತಿದ್ದಾಳೆ. ಅವಳೂ ಸೊರಗುತ್ತಿದ್ದಾಳೆ. ತಾಯಂದಿರನ್ನು ತೂಗುವ ತಕ್ಕಡಿ ನಿಮ್ಮಲ್ಲಿಲ್ಲವಾದ್ದರಿಂದ ಅದು ನಿಮ್ಮ ಗಮನಕ್ಕೆ ಬರಲಿಕ್ಕಿಲ್ಲ.

ನನ್ನ ಬೇಡಿಕೆ ಸಣ್ಣದು. ನಮ್ಮ ಓಣಿಯ ಬಾಲವಾಡಿಗೆ ಬರುವ ಪ್ರತಿ ಮಗುವಿಗೂ, ದಪ್ಪಗಿರಲಿ ಸಣ್ಣಗಿರಲಿ, ಹೊಟ್ಟೆ ತುಂಬುವಷ್ಟು ಬಡಿಸಿ. ತೂಗಲೇಬೇಕೆಂದರೆ ಉಣಿಸಿದ ಮೇಲೆ ತೂಗಿ, ತೂಕಕ್ಕೂ ತಾಟಿಗೂ ಗಂಟು ಹಾಕಬೇಡಿ. ಅಲ್ಲಿಯವರೆಗೆ ನನ್ನ ತೊಲೆಗೆ ತಕ್ಕಡಿ ಕಟ್ಟಲು ಬಿಡುವುದಿಲ್ಲ.

ಇನ್ನೊಂದು ಬೇಡಿಕೆಯಿದೆ, ಅದಕ್ಕೆ ನೀವೇ ಬರಬೇಕು. ಮೊನ್ನೆ ಗುಲಾಬಬಿಯ ಕೈಗೆ ಬಿಸಿ ರೊಟ್ಟಿ, ಬೆಲ್ಲ ಕೊಟ್ಟೆ. ಅವಳು ಅದನ್ನು ಬಾಯಿಗಿಡದೆ ಹಿಡಿದುಕೊಂಡೇ ನಿಂತಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಕ್ಕೋರ, ನಾಳೆ ತೂಕ ಐತೇನ್ರಿ?" ಇಲ್ಲವೆಂದೆ. ಅವಳು ನಂಬಲಿಲ್ಲ, ರೊಟ್ಟಿಯನ್ನು ಲಂಗದಲ್ಲಿ ಮುಚ್ಚಿಟ್ಟುಕೊಂಡಳು. ನೀವು ಬಂದು, ಅವಳೆದುರು ನೆಲದ ಮೇಲೆ ಕುಳಿತು, "ಇಲ್ಲವ್ವಾ, ತಿನ್ನು" ಎಂದು ಹೇಳಿ. ಅವಳು ತಿನ್ನುವವರೆಗೂ ಏಳಬೇಡಿ.

ಇಂತಿ,
ಒಂದು ಹಸಿದ ಮಗುವಿನ ನಂಬಿಕೆಗೂ ಸಾಲದ ನಿವೃತ್ತ ಶಿಕ್ಷಕಿ
ಖತೀಜಾಬಿ