ಮಲ್ಲಿಗೆಯ ಸಾಕ್ಷಿ

ಸುಗಲಾ,

ಮನೆಗೆ ಬಂದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಇವತ್ತು ಸೇನೆಯ ವೈದ್ಯಮಂಡಳಿಯ ಮುಂದೆ ಹೋಗಿದ್ದೆ. ಗಡಿಯಲ್ಲಿ ಬಾಂಬು ಸಿಡಿದಂದೇ ನನ್ನ ಮೂಗಿಗೆ ವಾಸನೆ ಬರುವುದು ನಿಂತಿತ್ತು, ನಿನಗೂ ಹೇಳಿರಲಿಲ್ಲ. ಸೇವೆಯಲ್ಲಿದ್ದಾಗ ವಾಸನೆ ಹೋಗಿದ್ದರೆ ಮಾತ್ರ ಅಂಗವೈಕಲ್ಯ ಪಿಂಚಣಿಯಂತೆ. ಲವಂಗ, ಕಾಫಿಪುಡಿ ಮೂಗಿಗೆ ಹಿಡಿದರು, ಏನೂ ತಿಳಿಯಲಿಲ್ಲ. ಯಾವಾಗಿನಿಂದ ಹೀಗೆ ಎಂದು ಜೊತೆಗೆ ಬಂದಿದ್ದ ಮಗಳನ್ನು ಕೇಳಿದರು.

“ಅಪ್ಪ ರಿಟೈರ್ ಆದ ಮ್ಯಾಲ ಅವ್ವ ತೀರಿಕೊಂಡ್ಲಲ್ರಿ, ಆವಾಗಿಂದ್ರಿ ಸರ್,” ಎಂದಳು ದಾನೇಶ್ವರಿ. “ಮೊದಲ ಚಲೋ ಇತ್ರಿ. ಸುಲ್ತಾನ್ ಬಜಾರಿನ ಮಲ್ಲಿಗಿ ಅವ್ವ ಮುಡಕೊಂಡ್ರ, ಘಮ ಭಾಳ ಚಲೋ ಐತಿ ಅಂತ ಅಪ್ಪ ದಿನಾ ಹೇಳ್ತಿದ್ದ.”

ನಿಜವೇ ಎಂದು ವೈದ್ಯರು ನನ್ನ ಕಡೆ ತಿರುಗಿದರು. ಮಗಳೂ ನನ್ನನ್ನೇ ನೋಡುತ್ತಿದ್ದಳು, ಥೇಟ್ ನಿನ್ನ ಹಾಗೆ.

ಹೌದೆಂದೆ.